ಡ್ರೈವರ್ ಮನೆಯ ವೆಲ್ಡಿಂಗ್ ಮೆಷಿನ್

ಡ್ರೈವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಅವನು ಸುಳ್ಳು ಹೇಳುವುದನ್ನು ಬಿಟ್ಟವನೂ ಅಲ್ಲ. ಅಂದು ವೆಲ್ಡಿಂಗ್ ಮೆಷಿನ್ ಮಾರುವ ಅಂಗಡಿಯಲ್ಲಿ ನಿಂತು ಅವನು ಬೇಕಾದ್ದು ಬೇಡದ್ದು ಎಲ್ಲವನ್ನೂ ಒಪ್ಪಿಸುತ್ತಿದ್ದ. ಹಳೇ ಕಾರು, ಕಾಲಿಡುವ ಜಾಗದ ತಗಡು ತುಕ್ಕು ಹಿಡಿದು ಜರಡಿಯಾಗಿದೆ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿ ಬೆರಳಿಟ್ಟರೆ ಉದುರುತ್ತದೆ, ಹಿತ್ತಲಲ್ಲೇ ಕೆಲಸ, ಮನೆಯ ಕರೆಂಟಿನಲ್ಲೇ ನಡೆಯಬೇಕು. ಎದೆಯ ಎಡಕ್ಕೆ, ಚರ್ಮದ ಕೆಳಗೆ ಡಾಕ್ಟರು ಕೂರಿಸಿದ್ದ ಪೇಸ್‌ಮೇಕರಿನ ವಿಷಯ ಒಂದನ್ನು ಮಾತ್ರ ಜಾಣತನದಿಂದ ನುಂಗಿಕೊಂಡಿದ್ದ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಹೆಂಡತಿ ಎಲ್ಲಿ ಬಾಯಿ ಬಿಡುತ್ತಾಳೋ ಎಂದು ಉಸಿರು ಬಿಡದೆ ಮಾತಾಡುತ್ತಿದ್ದ.

ಅವಳು ಬಂದಿದ್ದೇ ಬಾಯಿ ಬಿಡಲಿಕ್ಕೆ.

ಅವನು ಊರೆಲ್ಲ ಸುತ್ತುವ ಬಸ್ಸಿನ ಡ್ರೈವರ್ ಆಗಿದ್ದ. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಸ್ಟೀರಿಂಗ್ ಮೇಲೆ ತಲೆಯಿಟ್ಟುಬಿಟ್ಟ. ಬಸ್ಸು ನಿಂತಿದ್ದು ಜನರ ಪುಣ್ಯ. ಹೃದಯ ಬಡಿಯುವುದನ್ನು ಮರೆತರೆ ನೆನಪಿಸುವ ಆ ಪುಟ್ಟ ಮೆಷಿನ್ ಅವನ ಎದೆ ಸೇರಿತು. ಡಿಪೋದವರು ಬಸ್ಸು ಕಿತ್ತುಕೊಂಡು ಕೈಗೆ ಮೈಕು ಕೊಟ್ಟು, ಯಾವ ಬಸ್ಸು ಯಾವಾಗ ಎಂದು ಕೂಗುವ ಕಿಟಕಿಯ ಹಿಂದೆ ಕೂರಿಸಿದರು. ಮನೆಗೆ ಬಂದರೆ ಗೋಡೆ ನೋಡುತ್ತ ಕೂರುತ್ತಿದ್ದ. ಮಾತಾಡಿಸಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಆಮೇಲೆ ಗುಜರಿಯಿಂದ ಈ ಕಾರನ್ನು ಎಳೆಸಿಕೊಂಡು ಬಂದ. ಸ್ವಂತ ಕಾರು ಓಡಿಸಲು ಡಾಕ್ಟರು ಬೇಡ ಅಂದಿರಲಿಲ್ಲ. ಹೆಂಡತಿಯ ಕಣ್ಣಿಗೆ ಅದು ತುಕ್ಕಿನ ಗುಡ್ಡೆ. ಆದರೆ ಗುಡ್ಡೆ ಬಂದ ಮೇಲೆ ಗಂಡ ಎರಡನೇ ಸಲ ಅನ್ನ ಹಾಕಿಸಿಕೊಂಡ, ಸ್ನಾನದ ಮನೆಯಲ್ಲಿ ಹಾಡು ಗುನುಗಿದ. ಆದ್ದರಿಂದ ಅವಳು ಕಾರನ್ನು ಬಯ್ಯುವುದು ಬಿಟ್ಟಿದ್ದಳು.

ಅಂಗಡಿಯವನು ಮೊದಲು ಕಡ್ಡಿ ಹಿಡಿದು ಬೆಸೆಯುವ ಮೆಷಿನ್ ತೋರಿಸಿದ. ಗೇಟು, ಗ್ರಿಲ್ಲಿಗೆ ಅದೇ ರಾಜ. ಕಾರಿನ ತೆಳು ತಗಡಿನ ಚೂರಿಗೆ ತಾಗಿಸಿದ್ದೇ ತಡ, ನಾಣ್ಯ ತೂರುವಷ್ಟು ತೂತು ಬಿತ್ತು. ಎರಡನೆಯದರಲ್ಲಿ ಪೆನ್ಸಿಲಿನಂಥ ಹಿಡಿ, ಸೂಜಿಮೊನೆಯಷ್ಟು ಬೆಂಕಿ. ಡ್ರೈವರನ ಕಣ್ಣು ಅಲ್ಲೇ ನೆಟ್ಟಿತು.

"ಇದು ಹಚ್ಚಿ ತೋರಿಸಿ" ಎಂದು ಮುಂದೆ ಬಗ್ಗಿದ.

ಹೆಂಡತಿ ಮೆಷಿನ್ನಿನ ಪಕ್ಕೆಗೆ ಅಂಟಿಸಿದ್ದ ಚಿತ್ರ ನೋಡುತ್ತಿದ್ದಳು. ಒಂದು ಹೃದಯ, ಅದರ ಮೇಲೆ ಕೆಂಪು ಗೀಟು.

"ಹಚ್ಚಬೇಡಿ" ಎಂದಳು. "ಇವರ ಎದೆಯೊಳಗೆ ಮೆಷಿನ್ ಇದೆ."

ಅಂಗಡಿಯವನು ಬಿಸಿ ಮುಟ್ಟಿದವನಂತೆ ಸ್ವಿಚ್ಚಿನಿಂದ ಕೈ ಕಿತ್ತುಕೊಂಡ. "ಏನ್ ಸಾರ್ ನೀವು! ನನ್ನ ಅಂಗಡೀಲೇ ಬಿದ್ದುಹೋಗೋಕೆ ಬಂದ್ರಾ? ಈ ಕರೆಂಟು ಹತ್ತಿರದಲ್ಲಿ ಹರಿದ್ರೆ ಒಳಗಿರೋದು ದಿಕ್ಕು ತಪ್ಪುತ್ತೆ. ಇದಂತೂ ಎಲ್ಲದಕ್ಕಿಂತ ಕೆಟ್ಟದ್ದು!"

ಡ್ರೈವರ್ ಹರಳೆಣ್ಣೆ ಕುಡಿದ ಮುಖ ಮಾಡಿ ಬಾಗಿಲ ಕಡೆ ತಿರುಗಿದ. "ನಡಿಯೇ, ಹೋಗೋಣ. ಗುಜರಿಯವನಿಗೇ ವಾಪಸ್ ಕೊಟ್ಟರಾಯ್ತು."

ಆ ಬೆನ್ನನ್ನು ಅವಳು ಬಲ್ಲಳು. ಗೋಡೆಯ ಮುಂದೆ ತಿಂಗಳುಗಟ್ಟಲೆ ನೋಡಿದ್ದ ಬೆನ್ನು ಅದು.

"ರೀ, ನಿಲ್ಲಿ" ಎಂದು ಗಂಡನನ್ನು ತಡೆದು, "ಇವರು ಬೀದಿಗೆ ಹೋಗಿ ನಿಲ್ಲಲಿ, ನೀವು ನನಗೆ ತೋರಿಸಿ" ಎಂದು ಅಂಗಡಿಯವನಿಗೆ ಹೇಳಿದಳು. "ಬೆಸೆಯೋಳು ನಾನು."

ಡ್ರೈವರ್ ಎದುರು ರಸ್ತೆಯ ಮರದ ಕೆಳಗೆ ನಿಂತು, ಗಾಜಿನಾಚೆ ಹೆಂಡತಿ ಮುಖಕ್ಕೆ ಕಪ್ಪು ಹೆಲ್ಮೆಟ್ ಹಾಕಿಕೊಳ್ಳುವುದನ್ನು ನೋಡಿದ. ಊರಿನ ಅರ್ಧ ಮಕ್ಕಳ ಶಾಲೆಯ ಬಟ್ಟೆ ಅವಳ ಕೈಯಲ್ಲೇ ಹೊಲಿದದ್ದು, ಕೈ ನಡುಗುವ ಪೈಕಿಯಲ್ಲ. ಮೂರನೆಯ ಮೆಷಿನ್ನಿನಲ್ಲಿ ತಂತಿಯ ಸುರುಳಿಯಿತ್ತು. ಗುಂಡಿ ಒತ್ತಿದರೆ ತಂತಿ ತಾನಾಗಿ ಬರುತ್ತದೆ, ಸಿಲಿಂಡರಿನ ಗ್ಯಾಸು ಬೆಸುಗೆಯನ್ನು ಗಾಳಿಯಿಂದ ಕಾಯುತ್ತದೆ. ಕರೆಂಟು ತಗ್ಗಿಸಿದರೆ ತೆಳು ತಗಡೂ ತಡೆಯುತ್ತದೆ. ಅವಳು ಹೊರಗೆ ಬಂದಾಗ ಮುಖ ಬೆವತು ಕೆಂಪಾಗಿತ್ತು.

"ತಂತಿದು. ನೂಲಿನ ಹಾಗೆ ಬರುತ್ತೆ, ನಾನು ಕೈ ನಡೆಸಿದರೆ ಸಾಕು. ಅದೇ ಇರಲಿ."

"ಕಾರು ನನ್ನದು, ಆರಿಸೋದು ನೀನು."

"ಗಂಡನೂ ನನ್ನವನೇ, ಅದಕ್ಕೇ."

ಡಾಕ್ಟರನ್ನು ಕೇಳಿದಾಗ, ದೂರ ನಿಂತು ನೋಡುವುದಾದರೆ ಆಗಬಹುದು, ಮೆಷಿನ್ ನಡೆಯುವಾಗ ಹತ್ತಿರ ಸುಳಿಯಕೂಡದು ಎಂದರು. ಹೆಂಡತಿ ಅದನ್ನು ಕಾನೂನು ಮಾಡಿದಳು. ಕಾರು ಹಿತ್ತಲ ಆ ತುದಿಯ ತಗಡಿನ ಚಪ್ಪರದಲ್ಲಿ. ಡ್ರೈವರ್ ಈ ತುದಿಯಲ್ಲಿ, ಅಡುಗೆಮನೆ ಬಾಗಿಲ ಸ್ವಿಚ್ ಬೋರ್ಡಿನ ಪಕ್ಕ, ಸ್ಟೂಲಿನ ಮೇಲೆ.

"ಹೆಲ್ಮೆಟ್ ಹಾಕಿದ ಮೇಲೆ ನನಗೇನೂ ಕೇಳಿಸಲ್ಲ. ಎದೆಯಲ್ಲಿ ಒಂಚೂರು ಏನಾದರೂ ಅನ್ನಿಸಿದರೆ ಸ್ವಿಚ್ ಆರಿಸಿಬಿಡಿ. ಮೆಷಿನ್ ನಿಂತರೆ ನಿಮಗೇನೋ ಆಯ್ತು ಅಂತಲೇ ನಾನು ತಿಳ್ಕೊಳ್ಳೋದು."

"ಆಗಲಿ ತಾಯಿ" ಎಂದು ಕೈ ಮುಗಿದ. ತಮಾಷೆಗೆ ಮುಗಿದದ್ದು, ಆದರೆ ಅವಳು ನಗಲಿಲ್ಲ.

ಕೆಟ್ಟ ಫ್ರಿಜ್ಜಿನ ಬಾಗಿಲನ್ನು ಕತ್ತರಿಸಿ, ಬಣ್ಣ ಕೆರೆದು, ಅವಳು ಬೆಸೆಯುವುದನ್ನು ಕಲಿತಳು. ಒಂದೇ ಉದ್ದಕ್ಕೆ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡಬೇಕು. "ಕಚ್ಚಾ ಹೊಲಿಗೆ ಹಾಕ್ಕೊಂಡು ಬಂದ ಹಾಗೆ" ಎಂದಳು. ಡ್ರೈವರ್ ಸ್ಟೂಲಿನಿಂದಲೇ ಕೂಗಿ ಉಪದೇಶ ಮಾಡಿದ. ಅವಳು ಹೆಲ್ಮೆಟ್ಟನ್ನು ಮುಖದ ಮೇಲೆಳೆದು ಕಿವಿ ಮುಚ್ಚಿಕೊಂಡಳು.

ನಿಜವಾದ ಕೆಲಸದ ದಿನ ಬಂತು. ಡ್ರೈವರ್ ಸೀಟು ಬಿಚ್ಚಿದ್ದ, ನೆಲದ ಕಂಬಳಿ ಕಿತ್ತಿದ್ದ, ಪೆಟ್ರೋಲ್ ಟ್ಯಾಂಕ್ ಇಳಿಸಿ ಬೀದಿ ಕಡೆ ಇಟ್ಟಿದ್ದ, ಬ್ಯಾಟರಿ ಕಳಚಿದ್ದ. ಎಲ್ಲ ಸರಿ. ಆದರೆ ಕಾರು ತಂದ ಹೊಸತರಲ್ಲಿ, ಇದ್ದ ತುಕ್ಕು ಇನ್ನೂ ಹಬ್ಬದಿರಲಿ ಎಂದು, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಕಾಯಿಸಿದ ಮೇಣವನ್ನು ತಾನೇ ಧಾರಾಳವಾಗಿ ಹೊಯ್ದಿದ್ದನ್ನು ಮರೆತಿದ್ದ. ಅಕ್ಕರೆಯಿಂದ ಮಾಡಿದ್ದು, ಅದಕ್ಕೇ ಅದು ಅಪಾಯವೆಂದು ಹೊಳೆಯಲಿಲ್ಲ.

ಹೆಂಡತಿ ಕಾರಿನೊಳಗೆ ಮಗ್ಗುಲಾಗಿ ಮಲಗಿ, ಬಾಗಿಲ ಪಟ್ಟಿಗೆ ಕೂಡುವ ನೆಲದ ತಗಡಿನ ಮೂಲೆ ಬೆಸೆಯುತ್ತಿದ್ದಳು. ನೀಲಿ ಬೆಳಕು ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ಬೆಳಕು ಹತ್ತಿದಾಗಲೆಲ್ಲ ಡ್ರೈವರ್ ಮುಖ ತಿರುಗಿಸಿಕೊಳ್ಳುತ್ತಿದ್ದ. ಮತ್ತೆ ನೋಡಿದಾಗ ಅವಳ ಬೆನ್ನ ಹಿಂದೆ, ಪಟ್ಟಿಯ ಇನ್ನೊಂದು ತುದಿಯ ತೂತಿನಿಂದ ಹಳದಿ ಹೊಗೆ ಬರುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಹೊಗೆಯೊಳಗೆ ನಾಲಿಗೆಯಷ್ಟು ಉರಿ ಎದ್ದಿತು.

"ಬೆಂಕಿ! ಏಯ್, ಹಿಂದೆ ನೋಡೇ!"

ನೀಲಿ ಬೆಳಕು ಮತ್ತೆ ಹತ್ತಿತು. ಓಡಿದರೆ ದಾರಿಯಲ್ಲೇ ತಾನು ಬಿದ್ದರೆ? ಬಿದ್ದು ಅವಳನ್ನು ಬೆಂಕಿಗೆ ಬಿಟ್ಟುಬಿಟ್ಟರೆ? ಕೈ ತಾನಾಗಿಯೇ ಬೋರ್ಡಿಗೆ ಹೋಗಿ ಸ್ವಿಚ್ ಆರಿಸಿತು.

ಬೆಳಕು ಸತ್ತಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹೆಲ್ಮೆಟ್ ಹಾರಿ ಅಂಗಳದಲ್ಲಿ ಉರುಳಿತು. ಅದರ ಹಿಂದೆ ಹೆಂಡತಿ, ಕಟ್ಟಿದ್ದ ತುರುಬು ಬಿಚ್ಚಿ ಜಡೆ ಇಳಿಬಿದ್ದು, ಬೆಂಕಿಯನ್ನು ಸವರಿಕೊಂಡೇ ಕಾರಿನಿಂದ ಹೊರಬಿದ್ದಳು. ಬೆಂಕಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಸ್ಟೂಲಿನ ಮೇಲೇ ಇತ್ತು.

"ರೀ! ರೀ, ನಾನು ಬಂದೆ, ಉಸಿರು ನಿಲ್ಲಿಸಬೇಡಿ!"

ಚರ್ಮದ ಕೈಗವಸಿನ ಕೈಯನ್ನೇ ಅವನ ಅಂಗಿಯೊಳಗೆ ತೂರಿಸಿದಳು. ಗುಂಡಿಗಳು ಕಿತ್ತು ಬಂದವು. ಅವನು ಅವಳ ಹೆಗಲಾಚೆ ಕೈ ತೋರಿಸುತ್ತ "ಕಾರು, ಕಾರು!" ಎಂದು ಒದರಿದ.

"ಕಾರು ಹಾಳಾಗಿಹೋಗಲಿ! ಎಲ್ಲಿ ನೋವು? ಇಲ್ಲಾ? ಹೇಳ್ರೀ!"

"ನನಗೇನೂ ಆಗಿಲ್ಲ! ಬೆಂಕಿ ಕಣೇ, ಬೆಂಕಿಗೆ ಆರಿಸಿದ್ದು!"

ಕರೆಂಟು ಆರಿದೆ, ಇನ್ನು ತಾನು ಹತ್ತಿರ ಹೋಗಬಹುದು ಎಂದು ಆಗ ಅವನಿಗೆ ಹೊಳೆಯಿತು. ಅವಳನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ನೆನೆಸಿಟ್ಟಿದ್ದ ಬಕೆಟ್ಟನ್ನು ಬಟ್ಟೆ ಸಮೇತ ಎತ್ತಿಕೊಂಡು ಓಡಿದ. ಒದ್ದೆ ಚಾದರ ಪಟ್ಟಿಯ ಮೇಲೆ ಬಿತ್ತು, ಚುಂಯ್ ಎಂದಿತು, ಕರಿ ಹೊಗೆ ಎದ್ದಿತು. ಇನ್ನೊಂದು ಬಕೆಟ್ ಹೊಯ್ದ ಮೇಲೆ ಅದೂ ನಿಂತಿತು.

ಅವನು ಹಿಂತಿರುಗಿ ಬಂದಾಗ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

"ಆರಿತು. ಹೋಗಿದ್ದು ಮೇಣ ಅಷ್ಟೆ" ಎಂದ. ನಗಲು ನೋಡಿದ, ಆಗಲಿಲ್ಲ. "ಮೇಣ ಹೊಯ್ದವನೂ ನಾನೇ. ಬೈಯಿ."

ಅವಳು ಬೈಯಲಿಲ್ಲ. "ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿದ್ದೆ ಅಂತ ಮಾಡೇ ಇಲ್ಲ ಗೊತ್ತಾ? ನೀವು ಮಗ್ಗುಲು ಬದಲಿಸಿದರೂ ಮೂಗಿನ ಹತ್ತಿರ ಕೈ ಹಿಡಿದು ನೋಡ್ತೀನಿ. ಈಗ ಮೆಷಿನ್ ನಿಂತಾಗ ಅನ್ನಿಸಿತು, ಮುಗೀತು ಅಂತ."

ಡ್ರೈವರ್ ಅವಳ ಮುಖ ನೋಡಿದ. ಇಷ್ಟು ದಿನ ಹೆದರಿಕೆಯೆಲ್ಲ ತನ್ನೊಬ್ಬನ ಪಾಲಿನದೆಂದು ತಿಳಿದು, ಅದನ್ನೇ ಮುಂದಿಟ್ಟುಕೊಂಡು ಗೋಡೆ ನೋಡಿದ್ದ. ಹಿಂದೆ ಕೂತವಳನ್ನು ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತಾಗ ಯಾವುದೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅದು ಮೇಣದ್ದಲ್ಲ. ಅವಳ ಬೆನ್ನ ಮೇಲಿದ್ದ ಜಡೆಯನ್ನು ಕೈಗೆತ್ತಿಕೊಂಡ. ತುದಿ ಕರಕಲಾಗಿ ಗಂಟುಗಟ್ಟಿತ್ತು, ಬೆರಳಿಟ್ಟರೆ ಪುಡಿಯಾಯಿತು. ಅವಳು ಕೆಲಸಕ್ಕೆಂದು ತೊಟ್ಟಿದ್ದ ದಪ್ಪ ಅಂಗಿಯ ಬೆನ್ನಿನಲ್ಲೂ ಅಂಗೈಯಗಲ ಕಂದು ಬಣ್ಣ ತಿರುಗಿತ್ತು.

"ಜಡೆ ಸುಟ್ಟಿದೆ ಕಣೇ."

"ಯಾರದ್ದು?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೈ ಹಿಂದೆ ಹಾಕಿ ಮುಟ್ಟಿ ನೋಡಿ, ಬೆರಳಿಗಂಟಿದ ಮಸಿಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದಳು. ಅವನು ಅಂಗಿ ಎತ್ತಿ ನೋಡಿದ. ಬೆನ್ನು ಕೆಂಪಾಗಿತ್ತು, ಬೊಬ್ಬೆಯೆದ್ದಿರಲಿಲ್ಲ. ಎರಡು ಸಲ ನೋಡಿದ ಮೇಲೂ ನಂಬಿಕೆ ಬರದೆ, ತಣ್ಣೀರಲ್ಲಿ ಅದ್ದಿದ ಟವೆಲ್ಲನ್ನು ಅಲ್ಲಿಟ್ಟು ಹಿಡಿದುಕೊಂಡೇ ಕೂತ.

"ಮೆಷಿನ್ ವಾಪಸ್ ಕೊಟ್ಟುಬಿಡೋಣ. ನನಗೆ ಆ ಕಾರು ಬೇಡ" ಎಂದ.

"ನಾಟಕ ಬೇಡ. ಮೂಲೆ ಅರ್ಧಕ್ಕೆ ನಿಂತಿದೆ. ಮೊದಲು ಒಳಗಿನ ಮೇಣವನ್ನೆಲ್ಲ ಕೆರೆದು ತೆಗೀರಿ, ಆಮೇಲೆ ನೋಡೋಣ." ಅವಳು ಮೂಗು ಒರೆಸಿಕೊಂಡಳು. "ಈಗ ಕತ್ತರಿ ತನ್ನಿ, ಈ ವಾಸನೆ ತಡೆಯೋಕಾಗಲ್ಲ."

ಅವನು ಒಳಗಿನಿಂದ ಅವಳ ಹೊಲಿಗೆಯ ಕತ್ತರಿ ತಂದು, ಅವಳ ಹಿಂದೆ, ಮೇಲಿನ ಮೆಟ್ಟಿಲಲ್ಲಿ ಕೂತು, ಜಡೆಯ ತುದಿ ಹಿಡಿದ. ತುಂಬಿದ ಬಸ್ಸನ್ನು ಕೂದಲೆಳೆಯ ಸಂದಿನಲ್ಲಿ ತೂರಿಸುತ್ತಿದ್ದ ಕೈ ಅದು. ಎದೆಯೊಳಗಿನ ಮೆಷಿನ್ ತನ್ನ ಪಾಡಿಗೆ ತಾನು ಲೆಕ್ಕ ತಪ್ಪದೆ ನಡೆಯುತ್ತಿತ್ತು. ಕತ್ತರಿ ಮಾತ್ರ ಕೂದಲಿಗೆ ತಾಗಿ ತಾಗಿ ಹಿಂದೆ ಬರುತ್ತಿತ್ತು.

"ಏನ್ರೀ, ಕತ್ತರಿಸಿದ್ರಾ?"

"ತಡಿ" ಎಂದ ಡ್ರೈವರ್. "ಕೈ ನಿಲ್ಲಲಿ."