ನಾಲ್ಕು ತಲೆ, ಮೂರು ಹೆಲ್ಮೆಟ್

ವಾರವಿಡೀ ಬಸ್ ಡಿಪೋದಲ್ಲಿ ಬ್ರೇಕ್ ಪರೀಕ್ಷಿಸುವ ಈ ಮನುಷ್ಯ ಭಾನುವಾರಗಳಲ್ಲಿ ಬೇಸ್‌ಬಾಲ್ ಅಂಪೈರ್. ಸಣ್ಣ ಲೀಗ್, ಎರಡು ತಂಡಗಳಿಗೂ ಸೇರಿ ಹೆಲ್ಮೆಟ್ ಇರುವುದು ನಾಲ್ಕೇ. ಬ್ಯಾಟ್ ಹಿಡಿದವನಿಗೊಂದು, ಮೂರು ಬೇಸ್‌ಗಳಲ್ಲಿ ನಿಲ್ಲುವ ಓಟಗಾರರಿಗೆ ಒಂದೊಂದು. ಸರದಿ ಮುಗಿದರೆ ಬೆವರು ಒರೆಸಿ ಎದುರಾಳಿಗಳಿಗೆ ಕೊಡುವುದು ರೂಢಿ. ಹರಿದ ಪಟ್ಟಿ, ಅಳತೆಗೆ ಕೂರದ ತಲೆ, ಹೇನಿನ ಜಗಳ, ಎಲ್ಲವನ್ನೂ ಅವರು ನಿಂತಲ್ಲೇ ಬಗೆಹರಿಸಿದವರು.

ಕಳೆದ ಋತುವಿನ ಕೊನೆಯ ಪಂದ್ಯದಲ್ಲಿ ಒಂದು ತಂಡದ ಕೋಚ್ ಅವರ ಸ್ವಂತ ತಮ್ಮ. ಅದೊಂದು ಕಾರ್ಖಾನೆಯ ತಂಡ. ಸೋತರೆ ತಂಡವನ್ನೇ ಮುಚ್ಚುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ಬೇರೆ ಅಂಪೈರ್ ಸಿಗಲಿಲ್ಲ. ಎದುರಾಳಿಗಳು ಇವರನ್ನೇ ಒಪ್ಪಿದರು.

ಕೊನೆಯ ಸರದಿ. ತಮ್ಮನ ತಂಡಕ್ಕೆ ಒಂದೇ ಓಟದ ಹಿನ್ನಡೆ. ಎರಡನೇ, ಮೂರನೇ ಬೇಸ್‌ಗಳಲ್ಲಿ ಅವರ ಓಟಗಾರರು. ಆಗ ಚೆಂಡು ಬಂದು ಬ್ಯಾಟ್ ಹಿಡಿದವನ ಹೆಲ್ಮೆಟ್‌ಗೆ ಬಡಿಯಿತು. ಅವನಿಗೆ ಪೆಟ್ಟಾಗಲಿಲ್ಲ, ನಿಯಮದಂತೆ ಮೊದಲ ಬೇಸ್ ಸಿಕ್ಕಿತು. ಅಂಪೈರ್ ಆ ಹೆಲ್ಮೆಟ್ ಇಸಿದುಕೊಂಡು ಎರಡೂ ಅಂಗೈಗಳಿಂದ ಒತ್ತಿದರು. ಕಿವಿಯ ಮೇಲಿನಿಂದ ನೆತ್ತಿಯವರೆಗೆ ಬಿರುಕು ಬಾಯಿ ಬಿಟ್ಟಿತು. ಅದನ್ನು ಪಕ್ಕಕ್ಕಿಟ್ಟರು. ಇನ್ನು ಮುಂದಿನ ಬ್ಯಾಟರ್ ಬಂದರೆ ನಾಲ್ಕು ತಲೆ, ಮೂರು ಹೆಲ್ಮೆಟ್.

“ಅಣ್ಣ, ಮೂರನೇ ಬೇಸ್‌ನವನು ಬರಿ ತಲೇಲಿ ನಿಂತ್ಕೊಳ್ತಾನೆ ಬಿಡು,” ಎಂದ ತಮ್ಮ. “ಅವನ ತಲೇಲಿ ಒಡೆಯೋಕೆ ಏನೂ ಇಲ್ಲ.”

ಸುತ್ತಲಿದ್ದವರು ನಕ್ಕರು. ಎದುರು ತಂಡದ ಕೋಚ್ ಕೂಡ, “ನಮ್ದೇನೂ ತಕರಾರಿಲ್ಲ ಸಾರ್, ಆಡ್ಸಿ. ಆಟ ನಿಂತು ಗೆದ್ರೆ ನಮಗೂ ಮರ್ಯಾದೆ ಅಲ್ಲ,” ಎಂದರು.

“ನೀವಿಬ್ರೂ ಒಪ್ಪಿದ್ರಿ. ಚೆಂಡು ಒಪ್ಪುತ್ತಾ?” ಎಂದರು ಅಂಪೈರ್.

ಇನ್ನೊಂದು ಹೆಲ್ಮೆಟ್ ತರಲು ಒಬ್ಬನನ್ನು ಕಳಿಸಿ ಕಾದರು. ಭಾನುವಾರ, ಅಂಗಡಿ ಮುಚ್ಚಿತ್ತು. ಬೆಳಕು ಹೋಯಿತು. ಅವರು ಪಂದ್ಯ ನಿಲ್ಲಿಸಿದರು. ಲೀಗಿನ ನಿಯಮದಂತೆ ಪೂರ್ತಿಯಾದ ಹಿಂದಿನ ಸರದಿಯವರೆಗಿನ ಓಟಗಳೇ ಲೆಕ್ಕಕ್ಕೆ ಉಳಿದವು. ಆ ಲೆಕ್ಕದಲ್ಲೂ ಹಿಂದಿದ್ದ ತಮ್ಮನ ತಂಡ ಸೋತಿತು.

ಮಾಲೀಕರು ಆಡಿದಂತೆಯೇ ನಡೆದುಕೊಂಡರು. ಕೋಚ್ ಆಗಿದ್ದ ತಮ್ಮ ಈಗ ಅದೇ ಕಾರ್ಖಾನೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಅಡುಗೆ. ಅಣ್ಣ ಊಟಕ್ಕೆ ಕೂತರೆ ತಮ್ಮನಿಗೆ ಹಸಿವಿರುವುದಿಲ್ಲ. “ನಿಮ್ಮಿಬ್ಬರ ಸಿಟ್ಟಿಗೆ ನಾನು ಎರಡೆರಡು ಸಲ ಸಾರು ಬಿಸಿ ಮಾಡ್ಬೇಕು,” ಎಂದು ಅತ್ತಿಗೆ ಗೊಣಗುತ್ತಾಳೆ.

ಮೊನ್ನೆ ಬೆಳಿಗ್ಗೆ ಅಣ್ಣನೇ ಬಾಗಿಲಿಗೆ ಅಡ್ಡ ನಿಂತರು. “ಆ ಮೂರನೇ ಬೇಸ್‌ನವನ ತಲೆಗೆ ಚೆಂಡು ಬಡಿದಿದ್ರೆ ಏನ್ ಮಾಡ್ತಿದ್ದೆಯೋ?”

ತಮ್ಮ ಬಗ್ಗಿ ಚಪ್ಪಲಿ ಹಾಕಿಕೊಂಡ.

“ಬಡೀಲಿಲ್ವಲ್ಲ,” ಎಂದು ಪಕ್ಕದಿಂದ ನುಸುಳಿ ಕೆಲಸಕ್ಕೆ ಹೊರಟುಹೋದ.