ನಕ್ಷತ್ರ ನುಂಗಿದ ಆರು ಮನೆ

ಕೀಬೋರ್ಡಿನ ಮೇಲಿರುವ ನಕ್ಷತ್ರದ ಗುರುತು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅದರ ಜೊತೆ ಎಂಥ ಜಗಳ ಅನ್ನುತ್ತೀರಾ? ಹೇಳುತ್ತೇನೆ. ಬೈಗುಳ ಯಾರಿಗೆ ಸೇರಬೇಕು ಅಂತ ನೀವೇ ತೀರ್ಮಾನಿಸಿ.

ಶಿಡ್ಲಘಟ್ಟದ ಹತ್ತಿರ ಒಂದು ಚಾಕಿ ಕೇಂದ್ರದಲ್ಲಿ ನಾನು ತಟ್ಟೆ ಹೊರುವವನು. ರೇಷ್ಮೆ ಹುಳುಗಳನ್ನು ಎಳೆಯದರಲ್ಲಿ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಜಾಗ ಅದು. ಯಾವ ಮನೆಗೆ ಹುಳು ಹೋಗಬೇಕು ಅನ್ನುವ ಪಟ್ಟಿ ನನ್ನ ತಂಗಿ ಲತಾಳ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಹೆಸರು, ಊರು, ಜೊತೆಗೆ ಬ್ರಾಕೆಟ್ಟಿನೊಳಗೆ ಅವಳ ಷರಾ.

ಅವಳೇ ಒಮ್ಮೆ ನನಗೆ ಪಾಠ ಹೇಳಿದ್ದಳು. "ಕಂಪ್ಯೂಟರ್‌ಗೆ ಅರ್ಥ ಗಿರ್ಥ ಗೊತ್ತಾಗಲ್ಲ ಕಣಣ್ಣ. ನಾವು ಕೊಟ್ಟ ಮಾದರೀನ ಸಾಲಿನ ಮೊದಲನೇ ಅಕ್ಷರದ ಹತ್ರ ಇಟ್ಟು ನೋಡುತ್ತೆ. ಹೊಂದಲಿಲ್ವಾ, ಒಂದಕ್ಷರ ಮುಂದಕ್ಕೆ ಜರುಗಿ ಮತ್ತೆ ಇಟ್ಟು ನೋಡುತ್ತೆ." ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ. ಅದರ ಮುಂದೆ ನಕ್ಷತ್ರ ಇಟ್ಟರೆ ಎಷ್ಟು ಬೇಕಾದರೂ ಅಕ್ಷರ. ಇಷ್ಟು ಕೇಳಿದ್ದೇ ತಡ, ನಾನು ಪಂಡಿತನಾದೆ.

ಒಂದು ದಿನ ಅವಳು ಊಟಕ್ಕೆ ಹೋದಾಗ ಕೇಂದ್ರದ ಯಜಮಾನರು, ಷರಾ ತೆಗೆದು ಪಟ್ಟಿ ಪ್ರಿಂಟ್ ಮಾಡು ಅಂದರು. ನಾನೇ ಕೂತು \[.*\] ಅಂತ ಒತ್ತಿ, ಅಂದರೆ ತೆರೆಯುವ ಬ್ರಾಕೆಟ್ಟಿನಿಂದ ಮುಚ್ಚುವ ಬ್ರಾಕೆಟ್ಟಿನ ತನಕ ಏನಿದ್ದರೂ ಹುಡುಕು ಅಂತ ಹೇಳಿ, ಸಿಕ್ಕಿದ್ದನ್ನೆಲ್ಲ ಅಳಿಸಿದೆ. ಒಂದೇ ಷರಾ ಇದ್ದ ಸಾಲುಗಳು ಚೊಕ್ಕಟವಾದವು. ಆದರೆ ಒಂದು ಸಾಲು ಹೀಗಿತ್ತು: [ಹೊಸಬರು] ನಾರಾಯಣಮ್ಮ, ಪೆರೇಸಂದ್ರ [ನಾಯಿ ಇದೆ].

ನಕ್ಷತ್ರ ಹೊಟ್ಟೆಬಾಕ. ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದ ಹುಳು ಸೊಪ್ಪಿಗೆ ಬಿದ್ದ ಹಾಗೆ, ಮೊದಲ ಬ್ರಾಕೆಟ್ಟಿನಿಂದ ಸಾಲಿನ ತುದಿತನಕ ಎಲ್ಲವನ್ನೂ ನುಂಗುತ್ತದೆ. ಆಮೇಲೆ ಒಂದೊಂದೇ ಅಕ್ಷರ ಉಗುಳುತ್ತಾ ಹಿಂದಕ್ಕೆ ಬಂದು, ಎದುರಾದ ಮುಚ್ಚುವ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ. ಹಿಂದಿನಿಂದ ಬಂದದ್ದಕ್ಕೆ ಸಿಗುವುದು ಕೊನೆಯದೇ ತಾನೆ! ನಡುವಿನ ನಾರಾಯಣಮ್ಮ ಊರು ಸಮೇತ ಹೊಟ್ಟೆಗೆ ಹೋದಳು. ನಕ್ಷತ್ರದ ಮುಂದೆ ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದರೆ ಮೊದಲು ಸಿಕ್ಕ ಬ್ರಾಕೆಟ್ಟಿಗೇ ನಿಲ್ಲುತ್ತಿತ್ತಂತೆ. ಪ್ರಶ್ನೆ ಕೇಳುವ ಅಭ್ಯಾಸ ನನಗಿದ್ದರಲ್ಲವೆ?

ಅಂಥವು ಆರು ಮನೆ. ಅವರು ಹುಳು ಸಾಕುವ ಮನೆ ತೊಳೆದು, ಸೊಪ್ಪು ಕೊಯ್ದಿಟ್ಟು ಕಾದರು. ಹುಳು ಬರಲಿಲ್ಲ, ಒಂದು ಬೆಳೆ ಹೋಯಿತು. ಯಜಮಾನರು ಕೂಗಾಡಿದಾಗ ನಾನು, "ಲಿಸ್ಟ್ ಲತಾದು ಸಾರ್" ಅಂದೆ. ಅಷ್ಟೇ ಅಂದದ್ದು. ಅವತ್ತೇ ಅವಳ ಕೆಲಸ ಹೋಯಿತು. ಅವಳು ನನ್ನ ಮುಖ ನೋಡಿ, ಚೀಲ ಎತ್ತಿಕೊಂಡು ಹೊರಟಳು. ಥೂ, ನನ್ನ ನಾಲಿಗೆಗಿಷ್ಟು!

ಎಂಟು ದಿನ ಕಂಪ್ಯೂಟರನ್ನು ಬೈದೆ. ಒಂಬತ್ತನೇ ದಿನ ಯಜಮಾನರಿಗೆ ನಿಜ ಹೇಳಿದೆ. "ಅವಳನ್ನ ಬರಕ್ಕೇಳು" ಅಂದರು. ಲತಾ ಒಪ್ಪಲಿಲ್ಲ. "ಮೊದಲು ಆ ಆರು ಮನೇಗೂ ಹೋಗಿ ಹೇಳಿ ಬಾ. ಫೋನಲ್ಲಲ್ಲ, ನಡ್ಕೊಂಡು."

ಪೆರೇಸಂದ್ರದಲ್ಲಿ ಕೈ ಮುಗಿದು ನಿಂತರೆ ನಾರಾಯಣಮ್ಮ ಹುಬ್ಬು ಗಂಟಿಕ್ಕಿದಳು. "ಏಮಪ್ಪಾ, ತಪ್ಪು ನಂದೇ ಅಂತ ನಿನ್ನ ತಂಗಿ ಆವತ್ತೇ ಬಂದು ಕೈ ಮುಗಿದು ಹೋದ್ಳಲ್ಲ. ಎಷ್ಟು ಜನ ಮುಗೀತೀರಪ್ಪ ಒಂದು ತಪ್ಪಿಗೆ?"

"ಅವಳದ್ದಲ್ಲಮ್ಮ, ನಂದು."

ಅವಳು ಮುಗಿದ ನನ್ನ ಕೈ ಹಿಡಿದು ಕೆಳಗಿಳಿಸಿದಳು. "ಹಂಗಾದ್ರೆ ನನಗ್ಯಾಕೆ ಮುಗೀತೀಯ? ಹೋಗು, ಆ ಮಗೂಗೆ ಮುಗಿ."

ಉಳಿದ ಐದು ಮನೆಗಳಿಗಿಂತ ನಮ್ಮ ಮನೆಯೇ ದೂರ ಅಂತ ನನಗೆ ಅನ್ನಿಸಿದ್ದು ಆಗಲೇ.