ಹಸಿರು ದೀಪ ಸಿಕ್ಕವರು ನಿಲ್ಲಬೇಕಾಗಿಲ್ಲ

ಬೆಳಗಿನ ಐದೂಕಾಲು. ಏಪ್ರಿಲ್ ಮುಗಿಯುತ್ತ ಬಂದರೂ ವಯೋಮಿಂಗ್‌ನ ಈ ಬಯಲಿನಲ್ಲಿ ಹಿಮ ಬೀಳುವುದು ನಿಂತಿಲ್ಲ. ವರ್ನಾ ಟ್ರಾಸ್ಕ್ ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡು, ಲಾರಿ ತೂಗುವ ಉಕ್ಕಿನ ಹಾಸನ್ನು ಉದ್ದ ಹಿಡಿಯ ಪೊರಕೆಯಿಂದ ಗುಡಿಸುತ್ತಿದ್ದಾರೆ. ಗುಡಿಸಿದ್ದನ್ನು ಗಾಳಿ ತಿರುಗಿ ತಂದು ಸುರಿಯುತ್ತದೆ. ಅವರು ತಿರುಗಿ ಗುಡಿಸುತ್ತಾರೆ. ಅವರು ಹಾಸಿನ ಮೇಲೆ ನಿಂತಿರುವಷ್ಟು ಹೊತ್ತೂ ತೂಕದ ಠಾಣೆಯ ಗೋಡೆಯ ಮೇಲೆ ದೊಡ್ಡ ಕೆಂಪು ಅಂಕಿ ನೂರ ಅರವತ್ತು ಪೌಂಡ್ ಎಂದು ತೋರಿಸುತ್ತದೆ. ಕೆಳಗಿಳಿದ ಕೂಡಲೇ ಸೊನ್ನೆ.

“ನನ್ನ ತೂಕ ಇಡೀ ಹೆದ್ದಾರಿಗೇ ಗೊತ್ತು. ಇನ್ನು ಮುಚ್ಚಿಡೋಕೆ ಏನಿದೆ?” ಎಂದು ನಗುತ್ತ ಬೂಟು ಝಾಡಿಸಿ ಒಳಗೆ ಬರುತ್ತಾರೆ.

ಡ್ರೈ ಫೋರ್ಕ್ ತೂಕದ ಠಾಣೆ ಎಂದರೆ ಒಂದು ಕೋಣೆ, ಹೆದ್ದಾರಿಯ ಕಡೆಗೆ ಮುಖ ಮಾಡಿದ ದೊಡ್ಡ ಗಾಜು, ಎರಡು ಪರದೆ, ಒಂದು ಕಾಫಿ ಯಂತ್ರ. ಹತ್ತಿರದ ಊರು ಮೂವತ್ತೊಂದು ಮೈಲಿ. ಅರವತ್ತಮೂರು ವರ್ಷದ ವರ್ನಾ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಶಾಲೆಯ ಬಸ್ ಓಡಿಸಿದ್ದರು. ಬೆಳಗಿನ ನಾಲ್ಕರಿಂದ ಮಧ್ಯಾಹ್ನ ಎರಡರವರೆಗೆ ಅವರ ಪಾಳಿ. ಹಿಮಗಾಳಿಗೆ ಹೆದ್ದಾರಿ ಮುಚ್ಚಿದಾಗ ಮೂರು ದಿನ ಇದೇ ಕೋಣೆಯಲ್ಲಿ ಡಬ್ಬಿಯ ಸೂಪು ಕುಡಿದು ಕಳೆದದ್ದೂ ಉಂಟು. ಎಡ ಮಂಡಿ ಏಳೆಂಟು ವರ್ಷದಿಂದ ಮಾತು ಕೇಳುತ್ತಿಲ್ಲ.

ಒಂದು ಪಾಳಿಯಲ್ಲಿ ಸುಮಾರು ಸಾವಿರದ ನೂರು ಲಾರಿಗಳು ಈ ದಾರಿಯಲ್ಲಿ ಹಾಯುತ್ತವೆ. ಅವುಗಳಲ್ಲಿ ಒಂಬೈನೂರರ ಮುಖ ವರ್ನಾ ಕಾಣುವುದಿಲ್ಲ. ಠಾಣೆಗೆ ಒಂದು ಮೈಲಿ ಮುಂಚೆಯೇ ರಸ್ತೆಯಲ್ಲಿ ಹೂತಿಟ್ಟ ಪಟ್ಟಿಗಳು ಓಡುವ ಲಾರಿಯನ್ನು ತೂಗುತ್ತವೆ. ಲಾರಿಯ ಮುಂಗಾಜಿಗೆ ಅಂಟಿಸಿದ ಪುಟ್ಟ ಪೆಟ್ಟಿಗೆಯನ್ನು ಕಂಬದ ಮೇಲಿನ ಯಂತ್ರ ಓದುತ್ತದೆ. ತೂಕ ಎಂಬತ್ತು ಸಾವಿರ ಪೌಂಡಿನೊಳಗಿದ್ದು, ಕಾಗದಪತ್ರ ಸರಿಯಿದ್ದು, ಮಾಲೀಕರ ಹೆಸರಿಗೆ ಅಪಘಾತ, ತಪ್ಪುಗಳ ಕಳಂಕವಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತುತ್ತದೆ. ಹಸಿರು ಸಿಕ್ಕವರು ನಿಲ್ಲಬೇಕಾಗಿಲ್ಲ. ಕೆಂಪು ಬಂದರೆ ಠಾಣೆಗೆ ತಿರುಗಲೇಬೇಕು. ಒಳ್ಳೆಯವರಿಗೂ ಆಗೊಮ್ಮೆ ಈಗೊಮ್ಮೆ ಯಂತ್ರ ತಾನಾಗಿ ಕೆಂಪು ಕೊಡುತ್ತದೆ. ಯಾರಿಗಾದರೂ ಕೈಯಾರೆ ಕೆಂಪು ಕೊಡುವ ಒಂದು ಗುಂಡಿ ವರ್ನಾ ಅವರ ಮೇಜಿನ ಮೇಲೂ ಇದೆ.

“ಹಸಿರು ಸಿಕ್ಕವರನ್ನ ನಾನ್ಯಾಕೆ ಕರೀಲಿ? ಅದು ಅವರು ದುಡಿದು ಸಂಪಾದಿಸಿದ್ದು,” ಅನ್ನುತ್ತಾರೆ ವರ್ನಾ. “ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಕರೆದೆ.”

ಆ ಒಂದು ಸಲದ ಮಾತನ್ನು ಅವರು ತಾವಾಗಿ ಎತ್ತುವುದಿಲ್ಲ. ಠಾಣೆಯ ಗಸ್ತು ಅಧಿಕಾರಿ ಮೇನಾರ್ಡ್ ಕಾಫಿ ಬಗ್ಗಿಸುತ್ತ, “ರೆಡೆಕಾಪ್ ಕಥೆ ಹೇಳಿ ವರ್ನಾ. ನೀವು ಹೇಳದಿದ್ರೆ ನಾನು ಹೇಳ್ತೀನಿ, ಆಮೇಲೆ ತಪ್ಪು ಹೇಳ್ದೆ ಅಂತ ಬೈಬೇಡಿ,” ಎಂದ ಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಕ್ಯಾನ್ಸಸ್‌ನ ಗಾರ್ಲಂಡ್ ಮತ್ತು ಓಪಲ್ ರೆಡೆಕಾಪ್ ಗಂಡಹೆಂಡತಿ. ಒಂದೇ ಲಾರಿಯನ್ನು ಸರದಿಯಲ್ಲಿ ಓಡಿಸುತ್ತಿದ್ದರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದಿನ ಮಂಚದಲ್ಲಿ ಮಲಗುವುದು. ಹತ್ತೊಂಬತ್ತು ವರ್ಷ ಒಂದು ಗೀರೂ ಇಲ್ಲದ ದಾಖಲೆ, ಯಾವಾಗಲೂ ಹಸಿರು. ಸೋಮವಾರ ಬೆಳಗಿನ ಐದೂ ನಲವತ್ತಕ್ಕೆ ಪಶ್ಚಿಮಕ್ಕೆ ಹೋದ ಲಾರಿ, ಕರಾವಳಿಯಲ್ಲಿ ಸರಕು ಇಳಿಸಿ, ಬುಧವಾರ ಬೆಳಿಗ್ಗೆ ಮರಳಿ ಹಾಯುತ್ತಿತ್ತು. ಬೆಳಗಿನ ಸರದಿ ಓಪಲ್ ಅವರದು. ಠಾಣೆ ದಾಟುವಾಗ ಅವರು ಕ್ಯಾಬಿನ್ನಿನ ಒಳದೀಪವನ್ನು ಎರಡು ಸಲ ಹತ್ತಿಸಿ ಆರಿಸುತ್ತಿದ್ದರು. ವರ್ನಾ ಕಿಟಕಿಯಲ್ಲಿ ಕೈ ಎತ್ತುತ್ತಿದ್ದರು. ಇಬ್ಬರೂ ಮುಖಾಮುಖಿ ಕಂಡದ್ದು ಒಮ್ಮೆ ಮಾತ್ರ. ಹಿಮದಲ್ಲಿ ಮೂರು ದಿನ ಸಿಕ್ಕಿಬಿದ್ದ ವರ್ನಾರಿಗಾಗಿ, ರಸ್ತೆ ತೆರೆದ ಬೆಳಿಗ್ಗೆ, ಹಸಿರು ದೀಪವಿದ್ದರೂ ಓಪಲ್ ಲಾರಿ ತಿರುಗಿಸಿ ಒಳಗೆ ಬಂದರು. ಒಂದು ತಟ್ಟೆ ದಾಲ್ಚಿನ್ನಿ ಬನ್ನು ಕೊಟ್ಟು, “ತಟ್ಟೆ ವಾಪಸ್ ಕೊಡೋ ಯೋಚನೆ ಬೇಡ ಕಣ್ರೀ, ನಮ್ಮನೇಲಿ ಒಂದು ಅಟ್ಟ ತುಂಬ ಇವೆ,” ಎಂದು ಹೊರಟರು. ಸಣ್ಣ ಕಟ್ಟಿನ ಹೆಂಗಸು. ಲಾರಿಯ ಆ ಎತ್ತರದ ಮೆಟ್ಟಿಲನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಹತ್ತಿದರು. ತಟ್ಟೆ ಈಗಲೂ ಕಾಫಿ ಯಂತ್ರದ ಕೆಳಗಿದೆ.

ಈ ವರ್ಷದ ಜನವರಿಯಲ್ಲಿ ಕ್ಯಾನ್ಸಸ್ ಕಡೆಯ ಒಬ್ಬ ಡ್ರೈವರ್ ತೂಕದ ಚೀಟಿಗೆ ಕಾಯುತ್ತ, ಮಾತಿಗೆ ಮಾತು ಬಂದು, ಓಪಲ್ ರೆಡೆಕಾಪ್ ಮಣ್ಣಿಗೆ ತಾನೂ ಹೋಗಿದ್ದೆ ಎಂದ. ಚರ್ಚಿನಲ್ಲಿ ನಿಲ್ಲಲು ಜಾಗವಿರಲಿಲ್ಲವಂತೆ.

“ಯಾವಾಗ ಅಂದೆ. ಸೆಪ್ಟೆಂಬರ್ ಅಂದ.” ವರ್ನಾ ಕಾಫಿ ಲೋಟವನ್ನು ಕೆಳಗಿಡುತ್ತಾರೆ. “ನಾಲ್ಕು ದಿನದ ಹಿಂದೆ ತಾನೆ ಆ ಲಾರಿ ಹೋಗಿತ್ತು. ದೀಪ ಎರಡು ಸಲ ಮಿನುಗಿತ್ತು. ನಾನು ಕೈ ಎತ್ತಿದ್ದೆ.”

ಅವರು ಪರದೆಯಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಸೆಪ್ಟೆಂಬರಿನ ಒಂದು ವಾರ ಬಿಟ್ಟರೆ ಲಾರಿ ಒಂದು ದಿನವೂ ತಪ್ಪಿಲ್ಲ. ಸೋಮವಾರ ಐದೂ ನಲವತ್ತು. ಬುಧವಾರ ಬೆಳಿಗ್ಗೆ ವಾಪಸ್. ನಲವತ್ತೆಂಟು ಗಂಟೆಯಲ್ಲಿ ಎರಡು ಸಾವಿರ ಮೈಲಿ. ಒಬ್ಬ ಚಾಲಕ ಹನ್ನೊಂದು ಗಂಟೆ ಓಡಿಸಿದರೆ ಹತ್ತು ಗಂಟೆ ಬಿಡುವು ತೆಗೆದುಕೊಳ್ಳಲೇಬೇಕೆಂಬುದು ನಿಯಮ. ಒಬ್ಬನೇ ಆ ದೂರ ಹೋಗಿ ಬರುವುದು ಸಾಧ್ಯವೇ ಇಲ್ಲ. ಆದರೂ ಪ್ರತಿ ಸಲ ಹಸಿರು. ತೂಕ ಸರಿ, ಕಾಗದ ಸರಿ, ಹೆಸರು ಶುದ್ಧ. ಯಂತ್ರ ನೋಡುವುದು ಅಷ್ಟನ್ನೇ.

ಭಾನುವಾರವಿಡೀ ವರ್ನಾರಿಗೆ ಊಟ ಸೇರಲಿಲ್ಲ. ಗುಂಡಿ ಒತ್ತಿದರೆ ಹತ್ತೊಂಬತ್ತು ವರ್ಷದ ಹೆಸರಿಗೆ ಮಸಿ. ಒತ್ತದಿದ್ದರೆ ಯಾವುದೋ ಇಳಿಜಾರಿನಲ್ಲಿ ಆತನ ಕಣ್ಣು ಮುಚ್ಚುತ್ತದೆ, ಎದುರಿಗೆ ಬರುವವರನ್ನೂ ಜೊತೆಗೆ ಒಯ್ಯುತ್ತದೆ. “ಶಾಲೆ ಬಸ್ ಓಡಿಸಿದವಳು ನಾನು. ಎದುರಿಂದ ಬರೋ ಲಾರಿ ಅಂದ್ರೆ ನನಗಿನ್ನೂ ಬೆನ್ನು ಸೆಟೆಯುತ್ತೆ.”

ಸೋಮವಾರ, ಐದೂ ಮೂವತ್ತೊಂಬತ್ತು. ಪರದೆಯಲ್ಲಿ ಹೆಸರು ಮೂಡಿತು. ಪಕ್ಕದಲ್ಲಿ ಹಸಿರು. ವರ್ನಾ ಗುಂಡಿ ಒತ್ತಿದರು.

ಲಾರಿ ನಿಧಾನವಾಗಿ ತಿರುಗಿ, ಹಾಸಿನ ಮೇಲೆ ಬಂದು ನಿಂತಿತು. ಎಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು ಪೌಂಡ್. ನಿಂತ ಲಾರಿಯೊಳಗೆ ದೀಪ ಎರಡು ಸಲ ಹತ್ತಿ ಆರಿತು.

ವರ್ನಾ ಮತ್ತು ಮೇನಾರ್ಡ್ ಒಟ್ಟಿಗೇ ಹೊರಗೆ ಹೋದರು. ಗಾರ್ಲಂಡ್ ಕಿಟಕಿ ಇಳಿಸಿದರು. ಕಣ್ಣು ಕೆಂಡ, ಗಡ್ಡ ಮಾತ್ರ ನೀಟಾಗಿ ಕೆರೆದದ್ದು. ಪಕ್ಕದ ಸೀಟಿನ ಮೇಲೆ ಒಂದು ನೀಲಿ ಉಣ್ಣೆಯ ಕೋಟು, ಅದರ ಮೇಲೆ ಬಿಗಿದ ಸೀಟ್ ಬೆಲ್ಟು. ಎರಡು ಲೋಟ ಕಾಫಿ. ಒಂದು ಖಾಲಿ, ಒಂದು ತುಂಬಿದ್ದು.

“ಈಗ ಯಾರ ಸರದಿ ಗಾರ್ಲಂಡ್?” ಎಂದು ಮೇನಾರ್ಡ್ ಕೇಳಿದರು.

ಗಾರ್ಲಂಡ್ ಗಂಟೆಗಳ ಲೆಕ್ಕವಿಡುವ ಪುಟ್ಟ ಪರದೆಯನ್ನು ತಿರುಗಿಸಿ ತೋರಿಸಿದರು. ಚಾಲಕಿ, ಓಪಲ್ ರೆಡೆಕಾಪ್. ಮಲಗಿರುವವರು, ಗಾರ್ಲಂಡ್ ರೆಡೆಕಾಪ್.

“ಅವಳದೇ,” ಎಂದರು. “ಮೆಲ್ಲಗೆ ಮಾತಾಡಿ ಸಾರ್. ನಾನು ಹಿಂದೆ ಮಲಗಿದ್ದೀನಿ.”

ಮೇನಾರ್ಡ್ ಹನ್ನೆರಡು ವರ್ಷದಿಂದ ಗಸ್ತಿನಲ್ಲಿದ್ದಾರೆ. ಅಂಥ ಮಾತು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ ಅನ್ನುತ್ತಾರೆ. ವರ್ನಾ ಮಾತ್ರ ಮೆಟ್ಟಿಲಿಗೆ ಕಾಲಿಟ್ಟು, ಕಿಟಕಿಯ ಮಟ್ಟಕ್ಕೆ ಏರಿ, “ದೀಪ ಹಾಕ್ತಿದ್ದದ್ದು ನೀವಾ?” ಎಂದು ಕೇಳಿದರು.

“ಅವಳ ಸರದೀಲಿ ಅವಳು ಮಾಡ್ತಿದ್ದದ್ದೆಲ್ಲ ಮಾಡ್ಬೇಕಲ್ಲ ಮೇಡಂ,” ಎಂದರು ಗಾರ್ಲಂಡ್. “ಇಲ್ಲಿ ಒಬ್ಬರು ಕಾಯ್ತಾ ಇರ್ತಾರೆ ಅಂತಿದ್ಲು.”

“ಓಡಿಸ್ತಿರೋದು ಓಪಲ್ ಆದ್ರೆ ನಾನು ಅವರಿಗೇ ಹೇಳ್ತೀನಿ,” ಎಂದು ವರ್ನಾ ಆ ನೀಲಿ ಕೋಟಿನ ಕಡೆಗೇ ನೋಡಿದರು. “ಓಪಲ್, ಈ ಮನುಷ್ಯ ನಾಲ್ಕು ತಿಂಗಳಿಂದ ನಿದ್ದೆ ಮಾಡಿಲ್ಲ. ಇವತ್ತು ಇಲ್ಲೇ ನಿಲ್ಲಿಸಮ್ಮ.”

ಗಾರ್ಲಂಡ್ ಎಂಜಿನ್ ಕೀಲಿಕೈ ತೆಗೆದು ವರ್ನಾರ ಅಂಗೈಯಲ್ಲಿಟ್ಟರು.

ಮೇನಾರ್ಡ್ ಬರೆಯಬೇಕಾದದ್ದನ್ನು ಬರೆದರು. ಲಾರಿಯನ್ನು ನಿಲ್ದಾಣದ ಮೂಲೆಗೆ ಸರಿಸಿ ಹೀಟರ್ ಹಾಕಿಕೊಟ್ಟರು. ಗಾರ್ಲಂಡ್ ಆರು ಗಂಟೆಗೆ ಮಲಗಿ, ಸಂಜೆ ನಾಲ್ಕಕ್ಕೆ ಎದ್ದರು. ಎರಡಕ್ಕೆ ಪಾಳಿ ಮುಗಿದಿದ್ದರೂ ವರ್ನಾ ಮನೆಗೆ ಹೋಗಲಿಲ್ಲ. ಮೊಟ್ಟೆ, ಬ್ರೆಡ್ಡು ಬಿಸಿ ಮಾಡಿ ಆ ತಟ್ಟೆಯಲ್ಲೇ ಇಟ್ಟುಕೊಟ್ಟರು. ತಟ್ಟೆಯ ಗುರುತು ಹಿಡಿದ ಗಾರ್ಲಂಡ್, “ಇದು ಇಲ್ಲಿದ್ಯಾ? ತಾನೇ ಕೊಟ್ಟು ಮರೆತಿದ್ಲಾ? ನಾನೇ ಕಳೆದೆ ಅಂತ ಹನ್ನೊಂದು ವರ್ಷ ಬೈಸ್ಕೊಂಡಿದೀನಿ,” ಎಂದು ನಕ್ಕರು. ನಗುತ್ತಲೇ ಅತ್ತರು.

ಹೊರಡುವ ಮುನ್ನ ನಿಯಮದಂತೆ ಇನ್ನೊಮ್ಮೆ ತೂಗಿದರು. ಎಪ್ಪತ್ತೊಂದು ಸಾವಿರದ ನೂರ ಅರವತ್ತು. ಬೆಳಿಗ್ಗೆಗಿಂತ ನೂರ ಎಂಬತ್ತು ಪೌಂಡ್ ಕಡಿಮೆ. ಸರಕು ಇಳಿಸಿಲ್ಲ, ಕೋಟು ಸೀಟಿನ ಮೇಲೆಯೇ ಇದೆ.

“ಹತ್ತು ಗಂಟೆ ಹೀಟರ್ ಓಡಿದೆ. ಡೀಸೆಲ್ ಉರಿಯೋದಿಲ್ವಾ?” ಅನ್ನುತ್ತಾರೆ ಮೇನಾರ್ಡ್.

“ಅರವತ್ತು ಪೌಂಡ್ ಉರಿಯುತ್ತೆ. ಉಳಿದದ್ದು?”

“ಅಡಿಯಲ್ಲಿ ಕಟ್ಟಿದ ಮಂಜುಗಡ್ಡೆ ಕರಗಿರುತ್ತೆ.”

“ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಕರಗುತ್ತೇನಪ್ಪ ನಿನ್ನ ಮಂಜುಗಡ್ಡೆ?” ಎಂದು ವರ್ನಾ ಅವರನ್ನು ಛೇಡಿಸುತ್ತಾರೆ. ಇಬ್ಬರೂ ಈ ಜಗಳವನ್ನು ಜನವರಿಯಿಂದ ಆಡುತ್ತಲೇ ಇದ್ದಾರೆ.

ಆದರೆ ಮುಂದಿನದನ್ನು ಹೇಳುವಾಗ ಮೇನಾರ್ಡ್ ನಡುವೆ ಬಾಯಿ ಹಾಕುವುದಿಲ್ಲ. ಲಾರಿ ಹಾಸಿನಿಂದ ಇಳಿದು ಹೆದ್ದಾರಿ ಸೇರಿತು. ಹಿಂದಿನ ಕೆಂಪು ದೀಪಗಳು ಚಿಕ್ಕದಾಗಿ ಮರೆಯಾದವು. ಗೋಡೆಯ ಮೇಲಿನ ಅಂಕಿ ಸೊನ್ನೆಗೆ ಬರಲಿಲ್ಲ. ನೂರ ಇಪ್ಪತ್ತರಲ್ಲಿ ನಿಂತಿತ್ತು. ಹಾಸಿನ ಮೇಲೆ ಹಿಮವಿರಲಿಲ್ಲ, ಮಧ್ಯಾಹ್ನವೇ ಗುಡಿಸಿದ್ದರು. ಗಾಳಿ ಕೂಡ ಆ ಹೊತ್ತಿಗೆ ಬಿದ್ದಿತ್ತು.

“ನಂಗೆ ಹೆದರಿಕೆ ಆಯ್ತು, ಇಲ್ಲ ಅಂತ ಹೇಳಲ್ಲ,” ಅನ್ನುತ್ತಾರೆ ವರ್ನಾ. “ಆದ್ರೆ ಹೊರಗೆ ಅಷ್ಟು ಚಳಿ. ಎದ್ದು ಹೋಗಿ, ಬಾಗಿಲ ಮೇಲಿನ ದೀಪ ಹಾಕಿ, ಬಾಗಿಲು ತೆಗೆದೆ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡು ನಿಂತೆ, ಯಾರಾದ್ರೂ ಬರುವಾಗ ಹಿಡಿಯಲ್ವಾ, ಹಾಗೆ. ತಿರುಗಿ ನೋಡ್ದಾಗ ಸೊನ್ನೆ.”

ಸುಳ್ಳು ಲೆಕ್ಕ ಬರೆದದ್ದಕ್ಕೆ ಗಾರ್ಲಂಡ್ ಹಸಿರು ಕಳೆದುಕೊಂಡರು. ಈಗ ಒಬ್ಬರೇ, ನಿಯಮದಂತೆ ಮಲಗಿ ಎದ್ದು, ವಾರಕ್ಕೊಮ್ಮೆ ಪಶ್ಚಿಮಕ್ಕೆ ಹೋಗುತ್ತಾರೆ. ಪ್ರತಿ ಸಲ ಕೆಂಪು, ಆದ್ದರಿಂದ ಪ್ರತಿ ಸಲ ಒಳಗೆ ಬರಲೇಬೇಕು. ವರ್ನಾ ಕಿಟಕಿ ಸರಿಸಿ ಎರಡೇ ಪ್ರಶ್ನೆ ಕೇಳುತ್ತಾರೆ. ನಿದ್ದೆ ಆಯಿತೇ, ತಿಂಡಿ ಆಯಿತೇ. ಪಕ್ಕದ ಸೀಟಿನ ಬೆಲ್ಟು ಈಗ ಬಿಚ್ಚಿದೆ.

ಜೂನ್ ಕೊನೆಗೆ ವರ್ನಾ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ಡ್ರೈ ಫೋರ್ಕಿನ ಪರದೆಗಳನ್ನು ಇನ್ನೂರು ಮೈಲಿ ಆಚೆಯ ಕಚೇರಿಯಿಂದ ನೋಡಿಕೊಳ್ಳುತ್ತಾರಂತೆ. ಕೋಣೆಗೆ ಬೀಗ. ಏನಾದರೂ ಬೇಡಿಕೆ ಇದೆಯೇ ಎಂದು ಮೇಲಧಿಕಾರಿಗಳು ಕಾಗದ ಕಳಿಸಿದ್ದರು. ಬೀಳ್ಕೊಡುಗೆಯ ಊಟಕ್ಕೆ ಏನು ಬೇಕು ಎಂಬ ಅರ್ಥದಲ್ಲಿ ಕೇಳಿರಬೇಕು.

ವರ್ನಾ ಒಂದೇ ಸಾಲು ಬರೆದಿದ್ದಾರೆ. ಬಾಗಿಲ ಮೇಲಿನ ದೀಪವನ್ನು ಆರಿಸಬೇಡಿ.